ತರಂಗಪ್ಪನವರ ಸಂಭಾಷಣೆ

ದಾವಣಗೆರೆಯ ಮಂಡಿಪೇಟೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ಶಿವಯೋಗಪ್ಪನವರು ಕಾದಂಬರಿ ಬರೆಯಲು ಕೂತರೆಂದರೆ ಶಿವಯೋಗಪ್ಪ ಆಗಿ ಉಳಿಯುತ್ತಿರಲಿಲ್ಲ, 'ತುಂಗಾತರಂಗ' ಆಗಿಬಿಡುತ್ತಿದ್ದರು. ಹುಟ್ಟಿದ್ದು ಹರಿಹರದಲ್ಲಿ, ತುಂಗಭದ್ರೆಯ ದಂಡೆಗೆ. ಹಾಗಾಗಿ ಕಾವ್ಯನಾಮದಲ್ಲಿ ಹೊಳೆ ಇರಲೇಬೇಕೆಂಬುದು ಅವರ ಹಟ. ಭದ್ರೆ ಏನು ಪಾಪ ಮಾಡಿದ್ದಳು ಎಂದು ಯಾರೋ ಕೇಳಿದ್ದಕ್ಕೆ, "ಮುಖಪುಟದಾಗೆ ಜಾಗ ಸಾಲ್ಲಿಲ್ರೀ" ಎಂದಿದ್ದರು. ಪೇಟೆಯ ಜನಕ್ಕೆ ಅಷ್ಟಾದರೂ ಎಲ್ಲಿ ನಾಲಿಗೆಗೆ ಹತ್ತಬೇಕು? ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರೂ 'ತರಂಗಪ್ಪ' ಎಂದರು. ಅದೇ ಗಟ್ಟಿಯಾಯಿತು.

ತರಂಗಪ್ಪನವರ ಕಾದಂಬರಿಗಳಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ, ಜಲಪಾನ ಮಾಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ, ಆಗಮಿಸುತ್ತಿದ್ದರು. ಇನ್ನು ಸಾಯುವ ಮಾತಂತೂ ಇಲ್ಲವೇ ಇಲ್ಲ. ಇಹಲೋಕದ ಯಾತ್ರೆ ಮುಗಿಸುತ್ತಿದ್ದರು, ಅದೂ ಮೂರು ಪುಟ ಮಾತಾಡಿದ ಮೇಲೆ. ಅವರ ಹೆಸರು ಮಾಡಿದ ಪುಸ್ತಕ 'ಮಂಜುಳೆಯ ಮೂರನೆಯ ಕಣ್ಣೀರು'. ಮೊದಲೆರಡು ಕಣ್ಣೀರು ಎಲ್ಲಿ ಹೋದವು ಎಂದು ಓದುಗರು ಕೇಳುತ್ತಿದ್ದರು. ಅವು ಸಾಂಕೇತಿಕ ಎಂದು ಉತ್ತರ ಕೊಟ್ಟು, ಸಾಂಕೇತಿಕ ಎಂದರೆ ಏನೆಂದು ಮರುಪ್ರಶ್ನೆ ಬರುವ ಮೊದಲೇ ಶಿವಯೋಗಪ್ಪನವರು ಮಂಡಿಯ ಒಳಕೋಣೆಗೆ ನಡೆದುಬಿಡುತ್ತಿದ್ದರು.

ಇಂಥ ಭಾಷೆಯ ಮನುಷ್ಯನಿಗೆ ಗಂಟುಬಿದ್ದವರು ದ್ರಾಕ್ಷಾಯಣಮ್ಮ. ಹರಿಹರದ ಪಕ್ಕದ ಗುತ್ತೂರಿನವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರು, ಆದರೆ ಮಾತನ್ನು ಯಾವ ಕ್ಲಾಸಿನಲ್ಲೂ ಬಿಟ್ಟಿರಲಿಲ್ಲ. ಗಂಡ ಬರೆಯುವ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಮೇಲೆ ಚಾವಣಿ ಮುಟ್ಟಿರಲಿಲ್ಲ. ಹಾಗಾಗಿ ಮಂಜುಳೆ ಇತ್ತ ಚಂದಿರನನ್ನು ನೋಡಿ ನಿಟ್ಟುಸಿರು ಬಿಡುವಾಗ ಅತ್ತ ಗೋಡೆ ಹಾರಿ ಮಾತು ಬರುತ್ತಿತ್ತು.

"ಏನ್ರೀ, ಉಪ್ಪು ತರ್ರಿ ಅಂತ ಕಳಿಸಿದ್ರೆ ಉಪಮೆ ತಂದೀರಲ್ಲ, ಸಾರಿಗೆ ಈಗ ಅದನ್ನೇ ಹಾಕ್ಲೇನು?"

ಅಥವಾ: "ಬೀದಿ ನಲ್ಲಿಯಾಗೆ ನೀರು ನಿಂತು ಮೂರು ದಿನ ಆತು. ನಿಮ್ ಕಥಿಯಾಗೆ ಮಾತ್ರ ಕಣ್ಣೀರು ಹಗಲೂ ರಾತ್ರಿ ಬರ್ತೈತೆ. ಒಂದೆರಡು ಕೊಡ ಇತ್ಲಾಗೆ ಬಿಡ್ರಿ."

ಶಿವಯೋಗಪ್ಪನವರು ಇದನ್ನೆಲ್ಲ ಗದ್ದಲ ಎಂದು ಕರೆಯುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಂಡು ಬರೆಯುತ್ತಿದ್ದರು. ಹತ್ತಿ ಮಂಡಿಯಲ್ಲಿ ಕೆಲಸ ಮಾಡಿದ್ದರಿಂದ ಆದ ದೊಡ್ಡ ಉಪಯೋಗ ಅದೇ ಎಂದು ಗೆಳೆಯರಲ್ಲಿ ಹೇಳಿಕೊಳ್ಳುತ್ತಿದ್ದರು.

ಅವರನ್ನು ಸಿನಿಮಾಕ್ಕೆ ದೂಡಿದವನು ಗಾದಿ ಅಂಗಡಿಯ ರೌಫ್. ಮಂಡಿಯಿಂದ ಹತ್ತಿ ಕೊಳ್ಳಲು ಬರುತ್ತಿದ್ದ ಈ ರೌಫ್, ಊರಿಗೆ ಬಂದ ಪಿಚ್ಚರನ್ನು ಒಂದೂ ಬಿಡದೆ ನೋಡುವ ಆಸಾಮಿ. ಎಣ್ಣೆ ಮಿಲ್ಲಿನ ಕರಿಬಸವರಾಜ ಪಿಚ್ಚರ್ ತೆಗೆಯಲು ಹೊರಟಿದ್ದಾರೆ, ಕಥೆ ಹುಡುಕುತ್ತಿದ್ದಾರೆ ಎಂಬ ಸುದ್ದಿ ತಂದವನೂ ಅವನೇ.

"ತರಂಗಪ್ಪಾರೇ, ನಿಮ್ ಮೂರ್ ಕಣ್ಣೀರು ಕೊಟ್ಬಿಡ್ರಿ. ಹೆಂಗಸ್ರು ಹಿಂಡು ಹಿಂಡು ಬರ್ತಾರೆ," ಎಂದ.

ಹಾಗೆ ಶಿವಯೋಗಪ್ಪನವರು ಮಂಡಿಗೆ ರಜೆ ಹಾಕಿ, ಹೊಸ ಕೋಟು ಹೊಲಿಸಿ, ಕರಿಬಸವರಾಜರ ಜೊತೆ ಮದರಾಸಿಗೆ ರೈಲು ಹತ್ತಿದರು. ಹೊಸಿಲಲ್ಲಿ ನಿಂತ ದ್ರಾಕ್ಷಾಯಣಮ್ಮ, "ಅಲ್ಲಿ ಹೋಗಿ ಜಲಪಾನ ಅಂದ್ರೆ ಯಾರೂ ನೀರ್ ಕೊಡಲ್ಲ, ಹುಷಾರ್ರಿ," ಎಂದು ಬೀಳ್ಕೊಟ್ಟರು.

ಮದರಾಸಿನಲ್ಲಿ ನಿರ್ದೇಶಕರು ಮೈಸೂರು ಕಡೆಯವರು, ನಾಟಕ ಕಂಪನಿಯಲ್ಲಿ ಪಳಗಿದ ಹಿರಿಯರು. ಪುಸ್ತಕದ ಮೊದಲ ಪುಟ ಓದಿಯೇ ಕನ್ನಡಕ ತೆಗೆದಿಟ್ಟರು.

"ಸ್ವಾಮಿ, 'ಮಂಜುಳೆಯ ಮನದಲ್ಲಿ ಸಾವಿರ ನೆನಪುಗಳು ಮೂಡಿ ಮುಳುಗಿದವು' ಅಂತ ಬರ್ದಿದ್ದೀರಿ. ಕ್ಯಾಮೆರಾ ಎಲ್ಲಿಡಲಿ, ಹೇಳಿ?"

ಕಾದಂಬರಿಯ ನೂರಿಪ್ಪತ್ತು ಪುಟ ಮನದಲ್ಲೇ ನಡೆಯುತ್ತಿತ್ತು. ಅದೆಲ್ಲ ಒಂದೇ ಬೆಳಿಗ್ಗೆ ಹೋಯಿತು. ಮಧ್ಯಾಹ್ನಕ್ಕೆ ಹೆಸರಿಗೂ ಕತ್ತರಿ ಬಿತ್ತು. ಪೋಸ್ಟರಿಗೆ ಉದ್ದವಾಯಿತು ಎಂದು ಮೂರೂ ಹೋಯಿತು, ಕಣ್ಣೀರೂ ಹೋಯಿತು, ಬರೀ 'ಮಂಜುಳೆ' ಉಳಿಯಿತು. ಅವಳ ಬಾಯಿಗೆ ಕೊಟ್ಟ ಮಾತಾದರೂ ಉಳಿಯಬಾರದೇ? ನಾಯಕಿ ಪಾತ್ರದ ನಟಿ ಒಂದೇ ವಾಕ್ಯದ ನಡುವೆ ಎರಡು ಸಲ ಸೋಡಾ ಕುಡಿದರು. ಮೂರನೆಯ ಸಲ ಕುರ್ಚಿ ಕೇಳಿದರು. ಕರಿಬಸವರಾಜರು ಶಿವಯೋಗಪ್ಪನವರನ್ನು ಮೂಲೆಗೆ ಕರೆದು, "ತರಂಗಪ್ಪಾರೇ, ಬೇಜಾರ್ ಮಾಡ್ಕ್ಯಬ್ಯಾಡ್ರಿ. ಪಿಚ್ಚರಿನಾಗೆ ನಗ್ಸೋ ಜೋಡಿ ಒಂದೈತೆ. ಬಾಯಿಬಡುಕಿ ಗೌರಮ್ಮ, ಅವಳ ಗಂಡ ಕವಿ. ನಾಳೆ ಶೂಟಿಂಗು. ಅದನ್ನ ನೀವು ಬರೀರಿ. ಬರ್ಲಿಲ್ಲ ಅಂದ್ರೆ ಊರಿಗೆ ಟಿಕೀಟು ತೆಗಿಸ್ತೀನಿ," ಎಂದರು.

ಶಿವಯೋಗಪ್ಪನವರು ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ಎದುರಿಗೆ ಬಂದ ಸಾಂಬಾರಿನಲ್ಲಿ ಉಪ್ಪಿರಲಿಲ್ಲ. ಉಪ್ಪಿಲ್ಲದ ಸಾಂಬಾರು ನಾಲಿಗೆಗೆ ತಾಗಿದ್ದೇ ತಡ, ದಾವಣಗೆರೆಯ ಅಡುಗೆಮನೆಯಿಂದ ಗೋಡೆ ಹಾರಿ ಬಂದಂತೆ ಆ ಮಾತು ಕಿವಿಗೆ ಬಿತ್ತು. ಆಮೇಲೆ ಒಂದರ ಹಿಂದೆ ಒಂದು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ ಎಂದು ಅವರು ಅಂದುಕೊಂಡಿದ್ದರೇ ಹೊರತು ಒಂದು ಮಾತೂ ಹೊರಗೆ ಉಳಿದಿರಲಿಲ್ಲ. ಹೋಟೆಲು ಬಾಗಿಲು ಹಾಕುವ ಮೊದಲೇ ಎಲ್ಲ ಸೀನುಗಳನ್ನೂ ಬರೆದು ಮುಗಿಸಿದರು.

ಮರುದಿನ ಗೌರಮ್ಮನ ಪಾತ್ರದ ನಟಿ ಸೌಟು ಹಿಡಿದು ಉಪಮೆಯ ಮಾತು ಅಂದಾಗ ಲೈಟು ಹಿಡಿದವನು ಏಣಿಯ ಮೇಲೆ ನಿಂತೇ ನಕ್ಕ. ಅವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ನಿರ್ದೇಶಕರು ಕಣ್ಣೊರೆಸಿಕೊಂಡು, "ಇದೆಲ್ಲ ಎಲ್ಲಿಟ್ಟಿದ್ರಿ ಸ್ವಾಮಿ ಇಷ್ಟು ದಿನ?" ಎಂದು ಕೇಳಿದರು.

"ಕಲ್ಪನೆ," ಎಂದರು ಶಿವಯೋಗಪ್ಪನವರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಕಡೆಯ ಸೀನು ಒಂದು ಬಾಕಿ ಇತ್ತು. ಅಷ್ಟೆಲ್ಲ ಬಾಯಿ ಮಾಡಿದ ಹೆಂಗಸು ಕೊನೆಗೆ ಬಗ್ಗಬೇಕು, ಇಲ್ಲದಿದ್ದರೆ ಜನ ಒಪ್ಪುವುದಿಲ್ಲ ಎಂದರು ನಿರ್ದೇಶಕರು. ಇದಕ್ಕೆ ಮನೆಯ ಕಡೆಯಿಂದ ಯಾವ ಮಾತೂ ನೆನಪಿಗೆ ಬರಲಿಲ್ಲ. ಎಲ್ಲಿಂದ ಬರಬೇಕು? ದ್ರಾಕ್ಷಾಯಣಮ್ಮ ಬಗ್ಗಿದ್ದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ಶಿವಯೋಗಪ್ಪನವರು ತಮ್ಮ ಸ್ವಂತ ಕನ್ನಡಕ್ಕೆ ಮರಳಿದರು. ಗೌರಮ್ಮ ಗಂಡನ ಕಾಲಿಗೆ ಬಿದ್ದು, "ಪತಿದೇವಾ! ಅಜ್ಞಾನದ ಅಂಧಕಾರದಲ್ಲಿ ತೊಳಲಿದ ಈ ಪಾಪಿಯ ಅಪರಾಧಗಳನ್ನು ಮನ್ನಿಸಿ, ನಿಮ್ಮ ಪಾದಧೂಳಿಯಲ್ಲಿ ಕಿಂಚಿತ್ ಸ್ಥಳವನ್ನು ಕರುಣಿಸಿ!" ಎನ್ನುತ್ತಾಳೆ. ಇಡೀ ಪಿಚ್ಚರಿನಲ್ಲಿ ನಿಜವಾಗಿ ತಮ್ಮದೆನ್ನುವ ಮಾತು ಇದೊಂದು ಉಳಿಯಿತಲ್ಲ ಎಂದು ಅವರು ಒಳಗೊಳಗೇ ಹಿಗ್ಗಿದರು.

ಪಿಚ್ಚರ್ ದಾವಣಗೆರೆಗೆ ಬಂದ ದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. 'ಸಂಭಾಷಣೆ: ತುಂಗಾತರಂಗ' ಎಂದು ಪರದೆಯ ಮೇಲೆ ಬಂದಾಗ ನೆಲದ ಮೇಲೆ ಕೂತವರೆಲ್ಲ "ತರಂಗಪ್ಪೋ!" ಎಂದು ಸಿಳ್ಳೆ ಹಾಕಿದರು. ರೌಫ್ ಎದ್ದು ನಿಂತು ಎಲ್ಲರಿಗೂ ಸಲಾಂ ಹೊಡೆದ, ಬರೆದವನು ತಾನೇ ಎಂಬಂತೆ. ಗೌರಮ್ಮ ಬಾಯಿ ತೆರೆದಾಗಲೆಲ್ಲ ನಗೆ ಎಷ್ಟಿತ್ತೆಂದರೆ ಮುಂದಿನ ಮಾತು ಕೇಳುತ್ತಿರಲಿಲ್ಲ. ಅದರ ನಡುವೆಯೂ ಹೆಂಗಸರ ಕಡೆಯಿಂದ ಪಕ್ಕದ ಮನೆಯ ನೀಲಕ್ಕನ ದನಿ ಸ್ಪಷ್ಟವಾಗಿ ಕೇಳಿತು.

"ಏ ದ್ರಾಕ್ಷಾಯಣೀ! ಇದು ನೀ ಅವತ್ತು ನಲ್ಲಿತಾವ ಅಂದದ್ದಲ್ಲೇನೇ?"

ಶಿವಯೋಗಪ್ಪನವರ ಬೆನ್ನಿನಲ್ಲಿ ಬೆವರಿಳಿಯಿತು. ಆದರೆ ದ್ರಾಕ್ಷಾಯಣಮ್ಮ ನಗುತ್ತಿರುವುದೂ ಕೇಳಿಸಿತು, ನಿಜವಾಗಿಯೂ ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಡನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಕಡೆಯ ಸೀನು ಬಂತು, ಗೌರಮ್ಮ ಕಾಲಿಗೆ ಬಿದ್ದಳು, ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆ ಯಾವ ಸದ್ದೂ ಇರಲಿಲ್ಲ. ಅಳುತ್ತಿರಬೇಕು ಎಂದುಕೊಂಡರು ಶಿವಯೋಗಪ್ಪನವರು.

ಮನೆಗೆ ಬಂದು ಕೈಕಾಲು ತೊಳೆದು ಕೂತರು. ದ್ರಾಕ್ಷಾಯಣಮ್ಮ ಒಳಗಿನಿಂದ ಬಂದು, ಸೆರಗು ಹೊದ್ದು, ತಲೆ ತಗ್ಗಿಸಿ ನಿಂತರು.

"ಪತಿದೇವಾ, ಭೋಜನವು ಸಿದ್ಧವಾಗಿದೆ. ಆಗಮಿಸಬೇಕು."

ಶಿವಯೋಗಪ್ಪನವರು ನಕ್ಕರು. ಹೆಂಡತಿ ನಗಲಿಲ್ಲ. ಮರುದಿನ ಸ್ನಾನಕ್ಕೆ 'ಉಷ್ಣೋದಕ' ಸಿದ್ಧವಿತ್ತು. ಪಲ್ಯದಲ್ಲಿ 'ಲವಣವು ನ್ಯೂನವಾಗಿದ್ದಲ್ಲಿ' ಮನ್ನಿಸಬೇಕಾಗಿತ್ತು. ಅಂಗಳಕ್ಕೆ ಬಂದ ಎಮ್ಮೆಯನ್ನು ಓಡಿಸುವಾಗಲೂ "ಎಲೈ ಮಹಿಷಿಯೇ, ನಿರ್ಗಮಿಸು!" ಎಂದರು. ಎಮ್ಮೆ ಗಾಬರಿಯಾಗಿ ನಿಂತಲ್ಲೇ ನಿಂತಿತು. ಒಂದು ವಾರ ಕಳೆದ ಮೇಲೆ ಶಿವಯೋಗಪ್ಪನವರಿಗೆ ಇನ್ನೊಂದು ಹೊಳೆಯಿತು: ಈ ಮಾತುಗಳೆಲ್ಲ ತಮ್ಮ ಪುಸ್ತಕದವೇ. 'ಉಷ್ಣೋದಕ' ಮೊದಲ ಕಾದಂಬರಿಯದು, 'ಲವಣ' ಮೂರನೆಯದು. ಈಕೆ ಎಲ್ಲವನ್ನೂ ಓದಿದ್ದಳು, ಗಂಡನಿಗೆ ಒಂದು ಮಾತು ಹೇಳದೆ. ತಾವು ಯಾವತ್ತೂ ಕೇಳಿರಲೂ ಇಲ್ಲ.

ಇತ್ತ ಕರಿಬಸವರಾಜರು ಎರಡನೆಯ ಪಿಚ್ಚರಿಗೆ ಗಡಿಬಿಡಿ ಹಚ್ಚಿದರು. "ಹೀರೋ ಬ್ಯಾಡ, ಹೀರೋಯಿನ್ ಬ್ಯಾಡ. ಬರೀ ಗೌರಮ್ಮ. ಪೂರ್ತಿ ಗೌರಮ್ಮ. ಯುಗಾದಿ ಹೊತ್ತಿಗೆ ಬರ್ದು ಕೊಡ್ರಿ." ಶಿವಯೋಗಪ್ಪನವರು ಅಷ್ಟರಲ್ಲಿ ಮಂಡಿಯ ಕೆಲಸಕ್ಕೆ ನಮಸ್ಕಾರ ಹೇಳಿ ಪೂರ್ಣಾವಧಿ ಸಿನಿಮಾ ಸಾಹಿತಿಗಳಾಗಿದ್ದರು. ಬರೆಯಲು ಕೂತರು. ಗೌರಮ್ಮ ಬಾಯಿ ತೆರೆದಳು. "ಎಲೈ ಕಾಂತನೇ," ಎಂದಳು. ಹರಿದು ಹಾಕಿದರು. ಮತ್ತೆ ಬರೆದರು. ಗೌರಮ್ಮ ಮತ್ತೆ ಆಗಮಿಸಿದಳು.

ರೌಫ್‌ನ ಅಂಗಡಿಗೆ ಹೋಗಿ, "ನಿಮ್ ಮನಿಯಾಕಿ ಶಹರ್ಬಾನು ಹೆಂಗೆ ಬೈತಾಳೋ ಮಾರಾಯ? ಒಂದೆರಡು ಹೇಳು," ಎಂದು ಕೇಳಿದರು.

ರೌಫ್ ಗಾದಿಗೆ ಹೊಲಿಗೆ ಹಾಕುತ್ತಲೇ ಹೇಳಿದ: "ನಮ್ ಮನ್ಯಾಗೆ ಬೈಯೋದು ಉರ್ದುನಾಗೆ. ಹೊಗಳೋದು ಕನ್ನಡದಾಗೆ. ಆಕಿ ಕನ್ನಡ ಮಾತಾಡಿದ್ದು ನಾನಿನ್ನೂ ಕೇಳಿಲ್ಲ."

ಬೇರೆ ದಾರಿ ಕಾಣದೆ ಶಿವಯೋಗಪ್ಪನವರು ಕೊಡ ಹಿಡಿದು ತಾವೇ ಬೀದಿ ನಲ್ಲಿಗೆ ಹೋಗತೊಡಗಿದರು. ಅಲ್ಲಿ ದ್ರಾಕ್ಷಾಯಣಮ್ಮ ನೀಲಕ್ಕನ ಜೊತೆ ಮೊದಲಿನಂತೆಯೇ ಮಾತಾಡುತ್ತಾರೆಂಬ ಗುಮಾನಿ ಅವರಿಗಿತ್ತು. ಗುಮಾನಿ ನಿಜವೇ. ಗೋಡೆಯ ಮರೆಯಿಂದ "ಏ ನೀಲಕ್ಕಾ, ನಿನ್ ಕೊಡ ಅತ್ಲಾಗೆ ಸರ್ಸೇ, ನಲ್ಲಿ ಏನು ನಿಮ್ಮಪ್ಪ ಹಾಕ್ಸಿದ್ದೇನು" ಎಂಬ ಮಾತು ತೇಲಿ ಬಂದಾಗ ಅವರ ಕಣ್ಣಲ್ಲಿ ನೀರೇ ಬಂತು. ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೊಡ ಗೋಡೆಗೆ ತಾಗಿ ಠಣ್ ಎಂದಿತು.

"ನೀಲಕ್ಕಾ," ಎಂದರು ದ್ರಾಕ್ಷಾಯಣಮ್ಮ ತಿರುಗಿ ನೋಡದೆಯೇ, "ಜಲವು ಇಂದು ಮಂದಗತಿಯಿಂದ ಬರುತ್ತಿದೆಯಲ್ಲವೇ?"

ನಲ್ಲಿಯ ಹತ್ತಿರ ಇದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಇಡೀ ಬೀದಿಯ ಹೆಂಗಸರು ತರಂಗಪ್ಪನವರನ್ನು ಕಂಡ ಕೂಡಲೇ ಪುಸ್ತಕದ ಕನ್ನಡ ಶುರುಮಾಡಿದರು. ತರಕಾರಿಯವಳು ಕೂಡ 'ಬದನೆಕಾಯಿಗಳು ಲಭ್ಯವಿವೆ' ಎಂದಳು.

ಯುಗಾದಿ ಹತ್ತಿರ ಬಂತು. ಪಿಚ್ಚರಿನ ಚಿಂತೆ ಇದ್ದದ್ದು ನಿಜ. ಆದರೆ ನಿಜಕ್ಕೂ ತಾಳಲಾರದ್ದು ಬೇರೆಯೇ ಆಗಿತ್ತು. ಮನೆ ಮನೆಯಂತಿರಲಿಲ್ಲ. ಗೋಡೆಯ ಆಚೆ ಪಾತ್ರೆ ಸದ್ದಾದಾಗಲೆಲ್ಲ ಅವರು ಲೇಖನಿ ಎತ್ತಿ ಕಾಯುತ್ತಿದ್ದರು, ಬರೆಯುವುದಕ್ಕಲ್ಲ, ಸುಮ್ಮನೆ ಕೇಳುವುದಕ್ಕೆ. ಏನೂ ಬರುತ್ತಿರಲಿಲ್ಲ. ಹೆಂಡತಿ ಬದುಕಿದ್ದೂ ಹೆಂಡತಿಯ ದನಿ ಸತ್ತುಹೋದಂತೆ ಅವರಿಗೆ ಹೆದರಿಕೆಯಾಗುತ್ತಿತ್ತು. ಒಂದು ಬೆಳಿಗ್ಗೆ 'ಉಪಾಹಾರವನ್ನು ಸ್ವೀಕರಿಸಬೇಕು' ಎಂದು ಮಂಡಕ್ಕಿಯ ತಟ್ಟೆ ಮುಂದೆ ಬಂದಾಗ ತಡೆಯಲಾಗಲಿಲ್ಲ.

"ಸಾಕು ನಿಲ್ಸೇ! ಕೈ ಮುಗೀತೀನಿ. ಒಂದ್ಸಲ ಬೈಯೇ!"

ದ್ರಾಕ್ಷಾಯಣಮ್ಮ ತಟ್ಟೆ ಕೆಳಗಿಟ್ಟರು. ತಿಂಗಳುಗಟ್ಟಲೆ ಆದ ಮೇಲೆ ಗಂಡನೆದುರು ಅವರ ಸ್ವಂತ ದನಿ ಹೊರಗೆ ಬಂತು. ಅದರಲ್ಲಿ ನಗೆ ಇರಲಿಲ್ಲ.

"ಬೈದ್ರೆ ಕಾಲಿಗೆ ಬೀಳಿಸ್ತೀರಿ. ಬೈದದ್ದು ನಾನು, ಒಪ್ತೀನಿ. ಊರು ನಕ್ತು, ನಾನೂ ನಕ್ಕೆ. ಆದ್ರೆ ಆ ಕೊನೀಗೆ ಪಾದಧೂಳಿ ಅಂತ ಬಿದ್ಲಲ್ಲ, ಅದು ಯಾರ್ರೀ? ನಾನ್ ಯಾವತ್ತು ಬಿದ್ದೆ? ಉಪ್ಪು ತರ್ಲಿಲ್ಲ ಅಂತ ಕೇಳಿದ್ದು ತಪ್ಪೇನು? ನನ್ ಬಾಯಿಂದ ಅಷ್ಟೂ ಮಾತು ತಗಂಡ್ರಿ, ಕೊನೀಗೆ ನನ್ನೇ ಸುಳ್ಳಿ ಮಾಡಿದ್ರಿ. ಗಂಡಸ್ರು ಚಪ್ಪಾಳೆ ಹೊಡಿಯೋವಾಗ ನೀಲಕ್ಕ ನನ್ ಮುಖಾನೇ ನೋಡ್ತಿದ್ಲು."

ಅಷ್ಟು ಹೇಳಿ, ಸೀರೆ ಗಂಟು ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿ ಗುತ್ತೂರಿನ ತವರಿಗೆ ಹೋದರು.

ಶಿವಯೋಗಪ್ಪನವರು ಆ ದಿನವೆಲ್ಲ ತಟ್ಟೆಯ ಮುಂದೆಯೇ ಕೂತಿದ್ದರು. ಮಂಡಕ್ಕಿ ಮೆತ್ತಗಾಯಿತು. ಇಡೀ ಪಿಚ್ಚರಿನಲ್ಲಿ ತಾವು ಸ್ವಂತ ಬರೆದದ್ದು ಒಂದೇ ಮಾತು, ಸುಳ್ಳಾಗಿದ್ದದ್ದೂ ಅದೊಂದೇ. ಸಂಜೆಯ ಹೊತ್ತಿಗೆ ಲೇಖನಿ ಹಿಡಿದರು. ಎರಡನೆಯ ಪಿಚ್ಚರನ್ನು ಕಡೆಯ ಸೀನಿನಿಂದ ಬರೆಯತೊಡಗಿದರು. ಅದರಲ್ಲಿ ಕಾಲಿಗೆ ಬೀಳುವುದಿರಲಿಲ್ಲ. ಕವಿ ಗಂಡ ಉಪ್ಪಿನ ಪೊಟ್ಟಣ ತಂದು ಹೆಂಡತಿಯ ಕೈಗಿಟ್ಟು "ತಪ್ಪಾತು" ಎನ್ನುತ್ತಾನೆ. ಅಷ್ಟೇ. ಅವರು ಬರೆದ ಅತಿ ಚಿಕ್ಕ ವಾಕ್ಯ ಅದು.

ಮದರಾಸಿನಲ್ಲಿ ಅದನ್ನು ಓದಿದ ಕರಿಬಸವರಾಜರು ಹಾಳೆ ತಿರುಗಿಸಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು.

"ತರಂಗಪ್ಪಾರೇ, ಗಂಡ ತಪ್ಪಾತು ಅಂದ್ರೆ ಪಿಚ್ಚರ್ ಓಡ್ತೈತೇನ್ರಿ? ನಮ್ಮೂರ ಗಂಡಸ್ರು ಕುರ್ಚಿ ಮುರೀತಾರೆ. ನಾನು ಮನೀಗೆ ಹೋಗೋದ್ ಹೆಂಗೆ? ನಮ್ಮಾಕಿ ಇದನ್ನ ನೋಡಿ ಕಲ್ತಗಂಡ್ರೆ?"

ನಿರ್ದೇಶಕರು ಮೆತ್ತಗೆ ಹೇಳಿ ನೋಡಿದರು. ಕಾಲಿಗೆ ಬೀಳುವುದು ಬೇಡವಾದರೆ ಕಣ್ಣೀರಾದರೂ ಹಾಕಲಿ, ಮೂರು ಹನಿ ಸಾಕು ಎಂದರು. ಶಿವಯೋಗಪ್ಪನವರು ಆಗದು ಎಂದು ತಲೆಯಾಡಿಸಿದರು. ಮಾತು ಬೆಳೆಯಿತು. ಹುಟ್ಟಿದಾಗಿನಿಂದ ಯಾರಿಗೂ ಎದುರು ಮಾತಾಡದ ಮನುಷ್ಯ ಅಂದು ಆಫೀಸಿನ ಮೇಜು ಗುದ್ದಿ, ಉಪಮೆ ರೂಪಕ ಒಂದೂ ಇಲ್ಲದ ಅಚ್ಚ ಹರಿಹರದ ಕನ್ನಡದಲ್ಲಿ ಜಗಳವಾಡಿದರು. ಕರಿಬಸವರಾಜರು ಅಷ್ಟೇ ಅಚ್ಚ ದಾವಣಗೆರೆಯ ಕನ್ನಡದಲ್ಲಿ ಬಾಗಿಲು ತೋರಿಸಿದರು. ಸಂಭಾಷಣೆಗೆ ಬೇರೆಯವರು ಬಂದರು. ತುಂಗಾತರಂಗರ ಸಿನಿಮಾ ಬದುಕು ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಮಂಡಿಗೇ ಮರಳಿದರು, ಪಿಂಚಣಿಯ ವಯಸ್ಸಿನವರೆಗೂ ಅಲ್ಲೇ ಇದ್ದರು. ಅದನ್ನೆಲ್ಲ ಬಿಡಿ.

ಊರಿಗೆ ಬರುವ ರೈಲಿನಲ್ಲಿ ಅವರು ದಾವಣಗೆರೆಯಲ್ಲಿ ಇಳಿಯಲಿಲ್ಲ. ನೆಟ್ಟಗೆ ಹರಿಹರಕ್ಕೆ ಹೋಗಿ, ಅಲ್ಲಿಂದ ಗುತ್ತೂರಿಗೆ ನಡೆದರು. ಬಿಸಿಲು ಚುರುಗುಟ್ಟುತ್ತಿತ್ತು. ಮಾವನ ಮನೆಯ ಕಟ್ಟೆಯ ಮೇಲೆ ದ್ರಾಕ್ಷಾಯಣಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಒಳಗೆ ಅತ್ತೆ ಕಮಲಕ್ಕ ಅಕ್ಕಿ ಆರಿಸುತ್ತಿದ್ದರು. ಅವರಿಗೆ ಕಿವಿ ಮಂದ.

ಶಿವಯೋಗಪ್ಪನವರು ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದರು. ಉಪ್ಪಿನ ಪೊಟ್ಟಣ, ತಪ್ಪಾತು, ಮೇಜು ಗುದ್ದಿದ್ದು, ಬಾಗಿಲು ತೋರಿಸಿದ್ದು, ಕೆಲಸ ಹೋದದ್ದು. ಹೇಳಿ ಮುಗಿಸಿ, ಸ್ವಲ್ಪ ಹೆಮ್ಮೆಯಿಂದಲೇ ಹೆಂಡತಿಯ ಮುಖ ನೋಡಿದರು.

ದ್ರಾಕ್ಷಾಯಣಮ್ಮ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟರು.

"ಅಲ್ರೀ, ಯಾವನೋ ಸಿನಿಮಾದ ಗಂಡನ ಕೈಲಿ ತಪ್ಪಾತು ಅನ್ಸಾಕೆ ಮದ್ರಾಸಿಗೆ ಹೋಗಿ ಕೆಲ್ಸ ಕಳ್ಕಂಡು ಬಂದ್ರಿ. ನೀವು ಅನ್ನೋದು ಯಾವಾಗ?"

ಶಿವಯೋಗಪ್ಪನವರು ಬಾಯಿ ತೆರೆದರು. ಹನ್ನೊಂದು ಕಾದಂಬರಿ ಬರೆದ ಬಾಯಿ ಅದು. "ಕ್ಷಮೆಯನ್ನು..." ಎಂದು ಶುರುಮಾಡಿದರು.

"ಅದು ಪುಸ್ತಕದ್ದು."

ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿತ್ತು. ಸಿನಿಮಾದ ಗಂಡನ ಬಾಯಿಗೆ ಎಷ್ಟು ಸುಲಭವಾಗಿ ಇಟ್ಟಿದ್ದ ಮಾತು, ಈಗ ನಾಲಿಗೆಯಿಂದ ಕೆಳಗಿಳಿಯಲೊಲ್ಲದು.

"ತಪ್ಪಾತು," ಎಂದರು, ಬಹಳ ಸಣ್ಣಗೆ.

ಒಳಗಿನಿಂದ ಕಮಲಕ್ಕ ಕೂಗಿದರು. "ಏನಂತೇ? ಅಳಿಯಂದ್ರು ಏನಂದ್ರು?"

ದ್ರಾಕ್ಷಾಯಣಮ್ಮ ಗಂಡನ ಮುಖವನ್ನೇ ನೋಡುತ್ತ, "ಅವ್ವಗೆ ಕೇಳಿಸ್ಲಿಲ್ಲಂತೆ. ಜೋರಾಗಿ ಅನ್ರಿ," ಎಂದರು.

"ತಪ್ಪಾತೂ!"

ಎದುರು ಮನೆಯ ಬಾಗಿಲು ತೆರೆಯಿತು. ಓಣಿಯ ತುದಿಯಲ್ಲಿ ಬೀಡಿ ಸೇದುತ್ತಿದ್ದವರು ಇತ್ತ ತಿರುಗಿದರು. ಶಿವಯೋಗಪ್ಪನವರ ಕಿವಿ ಕೆಂಪಗಾಗಿತ್ತು, ಆದರೆ ಅವರು ತಲೆ ತಗ್ಗಿಸಲಿಲ್ಲ. ದ್ರಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೆಣಸಿನಕಾಯಿಯ ಘಾಟು ಎಂದೇ ಎಲ್ಲರಿಗೂ ಹೇಳುತ್ತಿದ್ದರು ಆಮೇಲೆ.

"ಓಣಿಗೆಲ್ಲ ಕೇಳ್ತು, ಸಾಕು ಬಾಯ್ ಮುಚ್ರಿ. ಬಿಸಿಲಾಗೆ ಛತ್ರಿ ಇಲ್ದೆ ಸ್ಟೇಷನ್ನಿಂದ ನಡ್ಕಂಡು ಬಂದಾರೆ, ತಲಿಯಾಗೆ ಬುದ್ಧಿ ಐತೇನು? ಆ ಕೋಟು ನೋಡ್ರಿ, ಬೆವರಾಗೆ ನೆನ್ದು ಗಾದಿ ಆಗೈತೆ. ತೆಗೀರಿ ಅದನ್ನ. ಊಟ ಮಾಡೀರೋ, ಬರೀ ಜಗಳ ತಿಂದು ಬಂದೀರೋ? ಅವ್ವಾ, ಇನ್ನೆರಡು ರೊಟ್ಟಿ ತಟ್ಟು!"

ಶಿವಯೋಗಪ್ಪನವರು ಕೋಟು ಬಿಚ್ಚಿ ಕಟ್ಟೆಯ ಮೇಲೆ ಕೂತು, ಎರಡೂ ಕಿವಿ ತೆರೆದು ಬೈಸಿಕೊಂಡರು.